ತಂತಿಯ ಕೆಳಗಿನ ಮಣ್ಣು

“ಅದನ್ನ ನನ್ನ ಕಡೆ ಹಿಡೀಬೇಡ ಕಣಮ್ಮ, ಪಾಪ, ಯಂತ್ರ ಗಾಬರಿ ಬೀಳುತ್ತೆ,” ಎಂದರು ದೊಡ್ಡಪ್ಪ, ಹಿತ್ತಿಲ ಮೆಟ್ಟಿಲ ಮೇಲೆ ಕೂತಲ್ಲಿಂದಲೇ ಎರಡೂ ಕೈ ಮೇಲೆತ್ತಿ.

ನನ್ನ ಕೈಯಲ್ಲಿದ್ದದ್ದು ಮಣ್ಣು ಅಳೆಯುವ ಗನ್ನು. ಹೆಸರಿಗಷ್ಟೇ ಗನ್ನು. ನೋಡಲು ಅಂಗಡಿಯಲ್ಲಿ ಸಾಮಾನಿನ ಬೆಲೆ ಓದುತ್ತಾರಲ್ಲ, ಆ ಯಂತ್ರದ ದಪ್ಪ ಅಣ್ಣನ ಹಾಗಿದೆ. ಮೂತಿಯನ್ನು ನೆಲಕ್ಕೆ ಒತ್ತಿ, ಗುಂಡಿ ಅದುಮಿ, ಅರವತ್ತು ಎಣಿಸುವಷ್ಟು ಹೊತ್ತು ಅಲುಗಾಡದೆ ಕೂತರೆ, ಆ ಮಣ್ಣಿನಲ್ಲಿ ಸೀಸ ಎಷ್ಟಿದೆ ಎಂದು ಹಿಂಬದಿಯ ಪುಟ್ಟ ಪರದೆಯ ಮೇಲೆ ತೋರಿಸುತ್ತದೆ. ದೊಡ್ಡಪ್ಪ ಮೂವತ್ತೊಂದು ವರ್ಷ ನಮ್ಮ ಬೀದಿಯ ಕೊನೆಯ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಂಡವರು. ಹಳೇ ಬ್ಯಾಟರಿಗಳನ್ನು ಒಡೆದು, ಕರಗಿಸಿ, ಸೀಸದ ಇಟ್ಟಿಗೆ ಮಾಡುವ ಕಾರ್ಖಾನೆ ಅದು. ಬಾಗಿಲು ಹಾಕಿ ಆರು ವರ್ಷವಾಯಿತು. ಚಿಮಣಿಯನ್ನೂ ಕೆಡವಿ ಒಯ್ದರು. ಆದರೆ ಆ ಚಿಮಣಿ ಅಷ್ಟು ವರ್ಷ ಉಗುಳಿದ್ದು ಎಲ್ಲೂ ಹೋಗಿರಲಿಲ್ಲ. ನಾಲ್ಕು ಬೀದಿಗಳ ಹಿತ್ತಿಲುಗಳಲ್ಲಿ ಹಾಯಾಗಿ ಕೂತಿತ್ತು.

ಅದನ್ನು ಎಬ್ಬಿಸಿ ಸಾಗಿಸುವ ಕೆಲಸ ನಮ್ಮದು. ನಾವು ಎಂಟು ಜನ, ಒಬ್ಬರು ಮೇಸ್ತ್ರಿ, ಎರಡು ಲಾರಿ. ಬೀದಿಯವರು ನಮಗೆ ‘ಮಣ್ಣಿನವರು’ ಎನ್ನುತ್ತಾರೆ. ಒಂದೊಂದು ಹಿತ್ತಿಲನ್ನೂ ಒಂದೂವರೆ ಅಡಿ ಆಳ ಕೆರೆದು ತೆಗೆಯುತ್ತೇವೆ. ತಳಕ್ಕೆ ಕಿತ್ತಳೆ ಬಣ್ಣದ ಬಲೆ ಹಾಸುತ್ತೇವೆ, ಮುಂದೆ ಯಾರಾದರೂ ಅಗೆದರೆ ‘ಇಲ್ಲಿಗೆ ನಿಲ್ಲಿಸಪ್ಪಾ’ ಎಂದು ಗೊತ್ತಾಗಲಿ ಅಂತ. ಅದರ ಮೇಲೆ ದೂರದಿಂದ ತಂದ ಹೊಸ ಮಣ್ಣು. ಹೇಳುವುದಕ್ಕೆ ಮೂರು ಮಾತು, ಮಾಡುವುದಕ್ಕೆ ಒಂದು ಮನೆಗೆ ಎಂಟು ದಿನ. ಅದರಲ್ಲಿ ಮೂರು ದಿನ ಮನೆಯವರನ್ನು ಒಪ್ಪಿಸುವುದಕ್ಕೇ ಹೋಗುತ್ತದೆ. ತನ್ನ ಮಣ್ಣನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೂರನೇ ಮನೆಯ ಟೈಲರ್ ತಾತ, ಮಣ್ಣು ಬೇಕಾದರೆ ಒಯ್ಯಿರಿ, ಎರೆಹುಳಗಳನ್ನು ಆರಿಸಿ ಕೊಟ್ಟು ಹೋಗಿ ಎಂದು ಪಟ್ಟು ಹಿಡಿದಿದ್ದರು. ನಮ್ಮ ಮೇಸ್ತ್ರಿ ಅರ್ಧ ದಿನ ಕುಕ್ಕರಗಾಲಲ್ಲಿ ಕೂತು ಆರಿಸಿಯೂ ಕೊಟ್ಟರು. ಹದಿನೇಳು ಸಿಕ್ಕವು.

ದೊಡ್ಡಮ್ಮನನ್ನು ಮಾತ್ರ ಒಪ್ಪಿಸಬೇಕಾಗಿರಲಿಲ್ಲ. “ನಾಳೇನೇ ಬನ್ನಿ, ಬೇಕಾದ್ರೆ ಇವತ್ತೇ ಬನ್ನಿ,” ಎಂದಿದ್ದಳು.

ಅದಕ್ಕೆ ಕಾರಣವಿತ್ತು. ದೊಡ್ಡಮ್ಮ ಇಪ್ಪತ್ತೆರಡು ವರ್ಷ ಈ ಮನೆಯಲ್ಲೇ ಮಕ್ಕಳನ್ನು ನೋಡಿಕೊಂಡವಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟು ಹೋದರೆ ಸಂಜೆಯವರೆಗೆ ಅವಳ ಪಾಲು. ಏಳು ಮಕ್ಕಳು, ಏಳು ಪುಟ್ಟ ಹಾಸಿಗೆ, ಒಂದು ಹಿತ್ತಿಲು. ಎಂಟು ತಿಂಗಳ ಹಿಂದೆ ಆರೋಗ್ಯ ಇಲಾಖೆಯವರು ಬಂದು ಬೀದಿಯ ಮಕ್ಕಳ ರಕ್ತ ತೆಗೆದರು. ಏಳರಲ್ಲಿ ಐದು ಮಕ್ಕಳ ರಕ್ತದಲ್ಲಿ ಸೀಸ. ಎಲ್ಲರಿಗಿಂತ ಹೆಚ್ಚು ಬುಗುರಿಯಲ್ಲಿ. ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಾಳೆಂದು ದೊಡ್ಡಮ್ಮನೇ ಇಟ್ಟ ಹೆಸರು ಅದು. ಆಗ ಅವಳಿಗೆ ಒಂದೂವರೆ ವರ್ಷ. ತಾಯಿ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಮಗುವಿಗೆ ಔಷಧಿ ಕೊಡಬೇಕಾದ ಮಟ್ಟಕ್ಕೆ ಹೋಗಿರಲಿಲ್ಲ. ಮಣ್ಣಿನಿಂದ ದೂರ ಇಡಿ, ಕೈ ತೊಳೆಸಿ, ಹೊಟ್ಟೆ ತುಂಬಾ ತಿನ್ನಿಸಿ, ಇಳಿಯುತ್ತದೆ ಎಂದರು ಡಾಕ್ಟರು. ಇಳಿಯುತ್ತಲೂ ಇತ್ತು.

ಆದರೆ ಕಂಡಕ್ಟರಮ್ಮ ಅವತ್ತು ಬಂದು ಮಗುವನ್ನು ಎತ್ತಿಕೊಂಡು ಹೋದವಳು, ಬೈದಿದ್ದರೂ ದೊಡ್ಡಮ್ಮನಿಗೆ ಸಮಾಧಾನವಾಗುತ್ತಿತ್ತು, ಒಂದು ಮಾತೂ ಆಡಲಿಲ್ಲ. ಆಮೇಲೆ ಒಂದು ದಿನ ದೊಡ್ಡಮ್ಮ ಅವಳದೇ ಬಸ್ಸು ಹತ್ತಿದ್ದಳಂತೆ. ಟಿಕೆಟ್ ಹರಿದು ಕೈಗೆ ಕೊಡುವಾಗಲೂ ಮುಖ ನೋಡಲಿಲ್ಲವಂತೆ. “ಚಿಲ್ಲರೆ ಎಲ್ಲಾ ಸರಿಯಾಗೇ ಕೊಟ್ಲು ಕಣೇ,” ಎಂದು ದೊಡ್ಡಮ್ಮ ನನಗೆ ಹೇಳಿದ್ದಳು, ಅದೇ ದೊಡ್ಡ ಗಾಯ ಎಂಬಂತೆ.

ಆದ್ದರಿಂದ ಹೊಸ ಮಣ್ಣು ಬಿದ್ದ ದಿನ ದೊಡ್ಡಮ್ಮ ಹತ್ತು ವರ್ಷ ಚಿಕ್ಕವಳಾಗಿದ್ದಳು. ಉಳಿದ ಆರು ಮನೆಯವರೂ ಒಂದನೇ ತಾರೀಖಿನಿಂದ ಮಕ್ಕಳನ್ನು ಕಳಿಸುತ್ತೇವೆ ಎಂದು ಒಪ್ಪಿದ್ದರು. ಕಂಡಕ್ಟರಮ್ಮ ಮಾತ್ರ, ಕೇಳಲು ಹೋದವರ ಹತ್ತಿರ, “ಮೊದಲು ಕಾಗದ ಬರಲಿ, ಆಮೇಲೆ ನೋಡೋಣ,” ಎಂದಿದ್ದಳಂತೆ. ಆ ‘ನೋಡೋಣ’ವನ್ನು ಹಿಡಿದುಕೊಂಡೇ ದೊಡ್ಡಮ್ಮ ಮೂರು ವಾರ ಕಳೆದಳು. ಕಾಗದವೆಂದರೆ ಲ್ಯಾಬಿನ ಕಾಗದ. ನಾಳೆ ಮೇಸ್ತ್ರಿ ಬಂದು ಮಣ್ಣು ತೆಗೆದು ಲ್ಯಾಬಿಗೆ ಕಳಿಸುವವರಿದ್ದರು. ನೆಂಟರ ಮನೆಯ ಮಣ್ಣನ್ನು ನಾನು ತೆಗೆಯುವ ಹಾಗಿಲ್ಲ, ಅದು ನಮ್ಮಲ್ಲಿ ಕಟ್ಟುನಿಟ್ಟು. ಸುಮ್ಮನೆ ಒಂದು ದಿನ ಮುಂಚೆ ನನ್ನ ಸಮಾಧಾನಕ್ಕೆ ನೋಡಿ ಹೋಗೋಣವೆಂದು ಊಟದ ಬಿಡುವಿಗೆ ಮುಂಚೆ ಗನ್ನು ಹಿಡಿದು ಬಂದಿದ್ದೆ.

ಬೇಲಿಯ ಬದಿ ಇಪ್ಪತ್ತನಾಲ್ಕು. ಮೂಲೆಯಲ್ಲಿ ಮೂವತ್ತೊಂದು. ಮೆಟ್ಟಿಲ ಬುಡದಲ್ಲಿ ಹತ್ತೊಂಬತ್ತು. ಮಕ್ಕಳು ಆಡುವ ಜಾಗಕ್ಕೆ ನಮ್ಮಲ್ಲಿ ಮಿತಿ ಇನ್ನೂರು. ಹತ್ತೊಂಬತ್ತು ಎಂದರೆ ತೊಟ್ಟಿಲಲ್ಲಿ ಹಾಕಿ ತೂಗಬಹುದಾದ ಮಣ್ಣು.

“ಪಾಸಾ?” ಎಂದರು ದೊಡ್ಡಪ್ಪ.

“ಡಿಸ್ಟಿಂಕ್ಷನ್ನು.”

“ನಮ್ಮ ಮನೇಲಿ ಯಾರಿಗೂ ಬಂದಿರಲಿಲ್ಲ. ಮಣ್ಣಾದ್ರೂ ತಗೊಳ್ಳಲಿ.”

ಹಿತ್ತಿಲ ನಡುವೆ ಎರಡು ಕಬ್ಬಿಣದ ಕಂಬ, ಅವುಗಳ ನಡುವೆ ಬಟ್ಟೆ ಒಣಹಾಕುವ ತಂತಿ. ಅದರ ಕೆಳಗೆ ಮೂತಿ ಒತ್ತಿದೆ. ಅರವತ್ತು ಎಣಿಸಿದೆ. ಪರದೆಯ ಮೇಲೆ ಐನೂರ ಎಂಬತ್ತು ಬಂತು.

ಮೂತಿಗೆ ಏನೋ ಅಂಟಿದೆ ಎಂದುಕೊಂಡು ಬಟ್ಟೆಯಿಂದ ಒರೆಸಿದೆ. ಮತ್ತೆ ಒತ್ತಿದೆ. ಆರುನೂರ ನಲವತ್ತು. ಒಂದು ಹೆಜ್ಜೆ ಎಡಕ್ಕೆ ಸರಿದರೆ ಅರವತ್ತು. ಒಂದು ಹೆಜ್ಜೆ ಬಲಕ್ಕೆ, ತೊಂಬತ್ತು. ತಂತಿಯ ಕೆಳಗೇ ಮುಂದೆ ಹೋದರೆ ಮತ್ತೆ ಆರುನೂರು ಚಿಲ್ಲರೆ. ನಾನು ಮಂಡಿಯೂರಿಕೊಂಡು ಆ ಕಂಬದಿಂದ ಈ ಕಂಬದವರೆಗೆ ತೆವಳಿದೆ. ಉದ್ದಕ್ಕೂ ಅದೇ. ಯಾರೋ ಸೀಸದ ಕಡ್ಡಿಯಲ್ಲಿ ಗೆರೆ ಎಳೆದ ಹಾಗೆ.

ದೊಡ್ಡಪ್ಪ ಯಾವಾಗ ಎದ್ದು ಬಂದು ಹಿಂದೆ ನಿಂತರೋ ತಿಳಿಯಲಿಲ್ಲ. ಪರದೆ ನೋಡಿದರು. ತಲೆಯೆತ್ತಿ ತಂತಿ ನೋಡಿದರು. ಅವರಿಗೆ ಅಕ್ಷರಕ್ಕಿಂತ ಧೂಳು ಚೆನ್ನಾಗಿ ಓದಲು ಬರುತ್ತದೆ.

“ಇದು ಕೆಳಗಿಂದ ಬಂದಿದ್ದಲ್ಲ, ಮೇಲಿಂದ ಬಿದ್ದಿದ್ದು,” ಎಂದರು ಮೆಲ್ಲಗೆ.

ಅಷ್ಟರಲ್ಲಿ ದೊಡ್ಡಮ್ಮ ಚಹಾ ಹಿಡಿದು ಬಂದಳು. ನಮ್ಮಿಬ್ಬರ ಮುಖ ನೋಡಿ, ಟ್ರೇ ಎಲ್ಲಿಡಬೇಕೆಂದು ತೋಚದೆ ಹಾಗೇ ನಿಂತಳು. ಇಲ್ಲಿ ಏನು ಒಣಹಾಕಿದ್ದೆ ದೊಡ್ಡಮ್ಮ ಎಂದು ಕೇಳಿದೆ. ಕೇಳಿದ್ದೇ ತಡ ಅವಳ ಮುಖ ಅರಳಿತು. ತನ್ನ ಕೆಲಸದ ವಿಷಯ ಕೇಳಿದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ. ಒಣಹಾಕಿದ್ದಲ್ಲ, ಕೊಡವಿದ್ದು ಎಂದಳು. ನಮ್ಮ ಲಾರಿ ಹೋದ ಮರುದಿನದಿಂದ ಮೂರು ದಿನ. ಏಳು ಹಾಸಿಗೆ. ನಡುಮನೆಯ ಜಮಖಾನೆ, ಕೋಣೆಯ ಜಮಖಾನೆ. ಎಲ್ಲಾ ಪರದೆ. ಅಟ್ಟದಿಂದ ಇಳಿಸಿದ ಹಳೇ ಕಂಬಳಿಗಳು, ದಿಂಬುಗಳು, ದೊಡ್ಡಪ್ಪನ ಕಾರ್ಖಾನೆ ಕಾಲದ ಕೋಟು. ಒಂದೊಂದನ್ನೂ ತಂತಿಯ ಮೇಲೆ ಹಾಕಿ, ಪೊರಕೆಯ ಹಿಡಿ ತಿರುಗಿಸಿ ಹಿಡಿದು, ಭುಜ ನೋಯುವಷ್ಟು ಬಡಿದಿದ್ದಳು.

“ಎಷ್ಟು ಧೂಳು ಅಂತೀಯ. ಮೂವತ್ತು ವರ್ಷದ್ದು. ಹಿತ್ತಿಲೆಲ್ಲಾ ಹೊಸದಾಗಿರೋವಾಗ ಮನೆಯೊಳಗೆ ಹಳೇ ಕೊಳೆ ಇಟ್ಟುಕೊಂಡು ಮಕ್ಕಳನ್ನ ಹೇಗೆ ಕರೆಯೋದು ಅಂತ…”

ಮಾತು ಅಲ್ಲಿಗೇ ನಿಂತಿತು. ಅವಳು ತಂತಿ ನೋಡಿದಳು, ನೆಲ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ದೊಡ್ಡಪ್ಪ ಅವಳ ಕೈಯಿಂದ ಟ್ರೇ ತೆಗೆದುಕೊಂಡರು.

ಸ್ವಲ್ಪ ಹೊತ್ತಾದ ಮೇಲೆ, ಒಳಗಿಂದ ನಾವೇ ಮನೆ ಮನೆಗೆ ಹಂಚಿದ ಚೀಟಿಯನ್ನು ಹುಡುಕಿ ತಂದಳು. ಮನೆಯೊಳಗೆ ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಎಂದಿತ್ತು ಅದರಲ್ಲಿ. ಒರೆಸಿದ್ದೆ ಕಣೇ, ಗೋಡೆ ನೆಲ ಕಿಟಕಿ ಎಲ್ಲಾ ಒದ್ದೆ ಬಟ್ಟೇಲೇ ಒರೆಸಿದ್ದೆ, ಹಾಸಿಗೇನ ಹೇಗೆ ಒರೆಸಲಿ ಎಂದಳು. “ಒಳಗೆ ಗುಡಿಸಬೇಡಿ ಅಂತ ಬರೆದಿದ್ದೀರಿ. ಹೊರಗೆ ಕೊಡವಬೇಡಿ ಅಂತ ಎಲ್ಲಿ ಬರೆದಿದ್ದೀರಿ?”

ಎಲ್ಲೂ ಬರೆದಿರಲಿಲ್ಲ. ಆ ಚೀಟಿಯನ್ನು ಬರೆದವರಲ್ಲಿ ನಾನೂ ಒಬ್ಬಳು. ಅಕ್ಷರ ದುಂಡಗಿದೆ ಎಂದು ಮೇಸ್ತ್ರಿ ನನ್ನ ಕೈಲೇ ಬರೆಸಿದ್ದರು. ಮನೆಯ ಧೂಳು ಎಲ್ಲಿಗೆ ಹೋಗಬೇಕು ಎಂದು ನಮಗೆ ಎಂಟು ಜನರಿಗೂ ಹೊಳೆದಿರಲಿಲ್ಲ. ಹೊಸ ಮಣ್ಣಿಗೆ ಮರ್ಯಾದೆ ಕೊಡುವುದಕ್ಕೇ ಯಾರಾದರೂ ಅದರ ಮೇಲೆ ಮೂವತ್ತು ವರ್ಷದ ಧೂಳು ಕೊಡವಿಯಾರು ಎಂದು ಯೋಚಿಸಲು ದೊಡ್ಡಮ್ಮನನ್ನು ಚೆನ್ನಾಗಿ ಬಲ್ಲವರು ಬೇಕಿತ್ತು. ಬಲ್ಲವಳು ನಾನೊಬ್ಬಳೇ ಇದ್ದೆ. ಬರೆದದ್ದೂ ನಾನೇ.

“ಅದು ನಾನು ತಂದಿದ್ದು ಬಿಡು,” ಎಂದರು ದೊಡ್ಡಪ್ಪ. “ಕಾರ್ಖಾನೆ ಸ್ನಾನದ ಕೋಣೇಲಿ ತಣ್ಣೀರು. ಚಳಿ ಅಂತ ಹಾಗೇ ಬಂದ್ಬಿಡ್ತಿದ್ದೆ. ಆ ಕೋಟಲ್ಲೇ ಬಂದು ಹಾಸಿಗೆ ಮೇಲೆ ಕೂರ್ತಿದ್ದೆ. ಮೂವತ್ತೊಂದು ವರ್ಷ ದಿನಾ ಸ್ವಲ್ಪ ಸ್ವಲ್ಪ ತಂದಿದ್ದೀನಿ.”

“ನೀವು ತಂದಿದ್ದು ಅದೊಂದೇ ಅಲ್ಲ,” ಎಂದಳು ದೊಡ್ಡಮ್ಮ.

“ಮತ್ತಿನ್ನೇನು ತಂದೆ?”

“ಗೊರಕೆ.”

ದೊಡ್ಡಪ್ಪ ನಕ್ಕರು. ಅವಳು ನಗಲಿಲ್ಲ, ಆದರೆ ಅವರ ಭುಜದ ಮೇಲೆ ಇಲ್ಲದ ಧೂಳನ್ನು ಒರೆಸಲು ಹೋಗಿ, ನಡುವೆ ಕೈ ತಡೆದು, ಹಾಗೇ ಅಲ್ಲೇ ಇಟ್ಟುಕೊಂಡಳು.

ನಾನು ಫೋನ್ ಮಾಡಿದ ಕಾಲು ಗಂಟೆಯಲ್ಲಿ ಮೇಸ್ತ್ರಿ ಬಂದರು. ನಮ್ಮ ಮೇಸ್ತ್ರಿ ದೊಡ್ಡಾಳು, ಮಣ್ಣಿನ ಹತ್ತಿರ ಮಾತ್ರ ಮೆದು. ಹೊಸ ಲಾರಿ ಬಂದರೆ ಮೊದಲು ಒಂದು ಹಿಡಿ ಮೂಗಿಗೆ ಹಿಡಿದು, ಹೊಲದ್ದೋ, ಹೊಳೆಯದ್ದೋ ಹೇಳಬಲ್ಲವರು. ದೊಡ್ಡಮ್ಮನನ್ನು ‘ಅಕ್ಕಾ’ ಎನ್ನುತ್ತಾರೆ. ಎಂಟು ದಿನ ಅವಳ ಚಹಾ ಕುಡಿದ ಋಣ. ಗೆರೆಯುದ್ದಕ್ಕೂ ಒಮ್ಮೆ ನಡೆದು ಬಂದರು. ಗನ್ನನ್ನು ತಾವೇ ಹಿಡಿದು ಎರಡು ಕಡೆ ನೋಡಿದರು. ಜೇಬಿನಿಂದ ನಕ್ಷೆ ತೆಗೆದು ತುಂಬ ಹೊತ್ತು ನೋಡಿದರು. ಆಮೇಲೆ ನಿಧಾನಕ್ಕೆ ಹೇಳಿದರು.

ಹೇಳಿದ್ದು ಇಷ್ಟು. ನಾಳೆ ಅವರು ನಕ್ಷೆಯಲ್ಲಿ ಗುರುತು ಮಾಡಿದ ಹದಿನೈದು ಕಡೆಯಿಂದ ಒಂದೊಂದು ಚಮಚ ಮಣ್ಣು ತೆಗೆದು, ಎಲ್ಲವನ್ನೂ ಒಂದೇ ಚೀಲದಲ್ಲಿ ಕಲಸಿ ಲ್ಯಾಬಿಗೆ ಕಳಿಸಬೇಕು. ಅದೇ ಪದ್ಧತಿ, ಎಲ್ಲಾ ಮನೆಗೂ ಅದೇ. ಹದಿನೈದರಲ್ಲಿ ತಂತಿಯ ಕೆಳಗೆ ಬರುವುದು ಮೂರೇ ಗುರುತು. ಮೂರು ಚಮಚ ಕೆಟ್ಟದ್ದು, ಹನ್ನೆರಡು ಚಮಚ ಒಳ್ಳೆಯದು. ಕಲಸಿದರೆ ನೂರೈವತ್ತು ದಾಟುವುದಿಲ್ಲ. ಮಿತಿ ಇನ್ನೂರು. ಕಾಗದದ ಮೇಲೆ ಪಾಸು. ಅದು ಸುಳ್ಳೂ ಅಲ್ಲ, ಮೋಸವೂ ಅಲ್ಲ, ಹಾಗೆಯೇ ಮಾಡಬೇಕೆಂದು ಪುಸ್ತಕದಲ್ಲಿದೆ. ಗನ್ನಿನ ಲೆಕ್ಕ ನಮ್ಮ ನಮ್ಮೊಳಗಿನದು.

ಇಲ್ಲವಾದರೆ ಆ ಪಟ್ಟಿಯನ್ನು ಕೆರೆದು ತೆಗೆಯಬೇಕು, ಅದು ಅರ್ಧ ದಿನದ ಕೆಲಸ. ಆದರೆ ಒಳಗಿನ ಹಾಸಿಗೆ, ಅಟ್ಟ ಎಲ್ಲಾ ನಮ್ಮಲ್ಲಿರುವ ಒಂದೇ ಒಂದು ದೊಡ್ಡ ಧೂಳೆಳೆಯುವ ಯಂತ್ರದಿಂದ ಶುದ್ಧವಾಗದೆ ಮತ್ತೆ ಹೊಸ ಮಣ್ಣು ಹಾಕಿ ಏನು ಬಂತು. ಆ ಯಂತ್ರ ಈಗ ಆಚೆ ಬೀದಿಯಲ್ಲಿದೆ. ಬರಲು ಐದು ವಾರ.

“ನಿರ್ಧಾರ ನಿಮ್ಮದು ಅಕ್ಕಾ. ನಾನು ನಕ್ಷೆ ಹೇಳಿದ ಕಡೆ ಚಮಚ ಹಾಕೋನು,” ಎಂದರು. ಹೇಳಿ ಮುಗಿಸಿ ಯಾರ ಮುಖವನ್ನೂ ನೋಡದೆ ನಕ್ಷೆ ಮಡಿಸಿದರು. ಸರಿಯಾಗಿ ಮಡಿಸಲು ಬರದೆ ಮತ್ತೆ ಬಿಚ್ಚಿದರು.

ಒಂದನೇ ತಾರೀಖಿಗೆ ಇನ್ನು ಹನ್ನೊಂದು ದಿನ. ದೊಡ್ಡಮ್ಮನ ತಲೆಯೊಳಗೆ ಏನು ಓಡುತ್ತಿದೆ ಎಂದು ನನಗೆ ಗೊತ್ತಿತ್ತು. ಕಾಗದ ಬರಲಿ ಎಂದಿದ್ದಾಳೆ ಕಂಡಕ್ಟರಮ್ಮ, ಕಾಗದ ಬರುತ್ತದೆ. ಆಮೇಲೆ ಒಂದು ಭಾನುವಾರ ನಾನೇ ಬಂದು ಆ ಪಟ್ಟಿಯನ್ನು ಸದ್ದಿಲ್ಲದೆ ಕೆರೆದು ಕೊಟ್ಟರೂ ಆಯಿತು. ನಿಜ ಹೇಳಬೇಕೆಂದರೆ ಆ ಯೋಚನೆ ಅವಳಿಗಿಂತ ಮೊದಲು ನನಗೇ ಬಂದಿತ್ತು. ಬಾಯಿಬಿಟ್ಟು ಹೇಳಿಯೂ ಹೇಳಿದೆ.

ಅವಳು ನನ್ನನ್ನೇ ನೋಡಿದಳು. ಚಿಕ್ಕಂದಿನಲ್ಲಿ ನಾನು ಸಕ್ಕರೆ ಡಬ್ಬಿಗೆ ಕೈ ಹಾಕಿದಾಗ ನೋಡುತ್ತಿದ್ದ ನೋಟ ಅದು.

“ಬುಗುರಿ ಎಲ್ಲಿ ಕೂರ್ತಿದ್ಲು ಗೊತ್ತಾ ನಿನಗೆ?” ಎಂದಳು. “ನಾನು ದುಪ್ಪಟಿ ಒಗೆದು ಒಣಗಿಸ್ತಿದ್ದೆ. ಆ ದುಪ್ಪಟಿ ನೆರಳಲ್ಲಿ ಕೂರ್ತಿದ್ಲು, ತಂಪು ಅಂತ. ಆ ಮಗು ಏನು ನಿಮ್ಮ ನಕ್ಷೆ ನೋಡ್ಕೊಂಡು ಹದಿನೈದು ಕಡೆ ಒಂದೊಂದು ಗಳಿಗೆ ಕೂರುತ್ತಾ? ಅದು ಕೂರೋದು ಇಲ್ಲೇ.”

ಮೇಸ್ತ್ರಿ ನಕ್ಷೆಯನ್ನು ಜೇಬಿಗೆ ತುರುಕಿಕೊಂಡು, ಸರಿ ಹಾಗಾದ್ರೆ, ನಾಳೆ ಚೀಲ ತರಲ್ಲ, ಗುದ್ದಲಿ ತರ್ತೀನಿ ಎಂದರು. ಅವರ ಮುಖದಲ್ಲಿ ಭಾರ ಇಳಿದ ಹಾಗಿತ್ತು. ಹೋಗುವ ಮುಂಚೆ ಚೀಟಿಗೆ ಒಂದು ಸಾಲು ಸೇರಿಸಬೇಕು, ಬರೆದಿಡು ಎಂದು ನನಗೆ ಹೇಳಿ, ಆರಿದ ಚಹಾವನ್ನು ನಿಂತಲ್ಲೇ ಕುಡಿದು ಹೋದರು.

ಆರು ಮನೆಯವರಿಗೆ ನಾನು ಹೇಳುತ್ತೇನೆ ಎಂದರೆ ದೊಡ್ಡಮ್ಮ ಒಪ್ಪಿದಳು. ಏಳನೆಯ ಮನೆಗೆ ಮಾತ್ರ ತಾನೇ ಹೋಗುತ್ತೇನೆ, ಈಗಲೇ ಹೋಗುತ್ತೇನೆ ಎಂದಳು. ಮೈ ತೊಳೆದುಕೊಂಡು, ತಲೆಗೂ ನೀರು ಹಾಕಿಕೊಂಡು, ಅಟ್ಟದ ಹತ್ತಿರ ಸುಳಿಯದ ಹೊಸ ಬಟ್ಟೆ ಉಟ್ಟು ಬಂದಳು. ನಾನೂ ಕೆಲಸದ ಅಂಗಿ ಬದಲಿಸಿ ಹೊರಟೆ. ಕಂಡಕ್ಟರಮ್ಮ ಇರುವುದು ಬಸ್ ಡಿಪೋ ಎದುರಿನ ಕಟ್ಟಡದ ಮೂರನೇ ಮಹಡಿ. ಕೆಳಗೆ ಟೈರ್ ಅಂಗಡಿ. ಲಿಫ್ಟಿಲ್ಲ. ಒಂದೊಂದು ತಿರುವಿನಲ್ಲೂ ದೊಡ್ಡಮ್ಮ ನಿಂತು ಉಸಿರು ಎಳೆದುಕೊಂಡು, ಹೇಳಬೇಕಾದದ್ದನ್ನು ನನ್ನ ಮೇಲೆ ಪ್ರಯೋಗ ಮಾಡಿದಳು. ಮೊದಲನೇ ಮಹಡಿಯಲ್ಲಿ ಚಳಿ, ಬಿಸಿಲು, ಮಗುವಿನ ಆರೋಗ್ಯ ಎಲ್ಲಾ ವಿಚಾರಿಸಿ ವಿಷಯಕ್ಕೆ ಬರುವುದೆಂದಿತ್ತು. ಎರಡನೇ ಮಹಡಿಯಲ್ಲಿ ಚಳಿ ಬಿಸಿಲು ಬಿಟ್ಟಳು. ಮೂರನೇ ಮಹಡಿಯಲ್ಲಿ, “ನನಗೇನೂ ನೆನಪಿಗೆ ಬರ್ತಿಲ್ಲ ಕಣೇ,” ಎಂದಳು.

ಬಾಗಿಲು ತೆರೆದ ಕಂಡಕ್ಟರಮ್ಮ, ನಮ್ಮನ್ನು ನೋಡಿ ಒಂದು ಕ್ಷಣ ಬಾಗಿಲಿಗೇ ಕೈ ಇಟ್ಟು ನಿಂತಳು. ಪಕ್ಕದ ಮನೆಯವರು ಅಂದುಕೊಂಡೆ ಎಂದಳು. ಆಮೇಲೆ ದಾರಿ ಬಿಟ್ಟಳು. ಒಂದೇ ಕೋಣೆ. ಮೇಜಿನ ಮೇಲೆ ಕಂಬಳಿ ಹಾಸಿ ಇಸ್ತ್ರಿ ನಡೆಯುತ್ತಿತ್ತು. ಯೂನಿಫಾರಂ ಅಂಗಿಯ ಒಂದು ತೋಳು ಆಗಿತ್ತು, ಇನ್ನೊಂದು ಆಗಬೇಕಿತ್ತು. ಗೋಡೆ ಗಡಿಯಾರದಲ್ಲಿ ಒಂದೂಕಾಲು. ಅವಳ ಪಾಳಿ ಎರಡಕ್ಕೆ. ಮೇಜಿನ ಕೆಳಗೆ, ರಟ್ಟಿನ ಪೆಟ್ಟಿಗೆಯೊಂದರಲ್ಲಿ ಬುಗುರಿ ಕೂತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ನಮ್ಮನ್ನು ನೋಡಿ ಪೆಟ್ಟಿಗೆಯ ಅಂಚಿನ ಕೆಳಗೆ ಮುಳುಗಿದಳು.

ಕೂತುಕೊಳ್ಳಿ ಎಂದಳು ಕಂಡಕ್ಟರಮ್ಮ. ದೊಡ್ಡಮ್ಮ ಕೂರಲಿಲ್ಲ.

“ಮಣ್ಣು ಸರಿಯಾಗಿತ್ತು. ನಾನೇ ಕೆಡಿಸಿದೆ,” ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಹಾಸಿಗೆ, ಕಂಬಳಿ, ಪೊರಕೆಯ ಹಿಡಿ, ತಂತಿ, ಆರುನೂರು. ಯಾವುದನ್ನೂ ಚಿಕ್ಕದು ಮಾಡಲಿಲ್ಲ, ದೊಡ್ಡದೂ ಮಾಡಲಿಲ್ಲ. ಒಂದನೇ ತಾರೀಖು ಆಗುವುದಿಲ್ಲ, ಇನ್ನೂ ಐದು ವಾರ ಹೋಗಬೇಕು, ಆಮೇಲೂ ಕಳಿಸಲೇಬೇಕೆಂದೇನಿಲ್ಲ, ಬೇರೆಯವರಿಂದ ಗೊತ್ತಾಗುವುದು ಬೇಡವೆಂದು ತಾನೇ ಬಂದೆ ಎಂದಳು. ಕಂಡಕ್ಟರಮ್ಮ ಕೇಳುತ್ತಲೇ ಇನ್ನೊಂದು ತೋಳನ್ನು ಇಸ್ತ್ರಿ ಮಾಡಿದಳು. ಅದಾದ ಮೇಲೆ ಮೊದಲಿನ ತೋಳನ್ನು ಮತ್ತೊಮ್ಮೆ ಮಾಡಿದಳು.

“ಇವರು ಹೇಳದೇ ಇದ್ದಿದ್ರೆ ಲ್ಯಾಬಲ್ಲಿ ಗೊತ್ತಾಗ್ತಿತ್ತಾ?” ಎಂದು ಕೇಳಿದಳು. ಕೇಳಿದ್ದು ನನ್ನನ್ನು.

“ಇಲ್ಲ. ಪಾಸಾಗ್ತಿತ್ತು,” ಎಂದೆ.

“ಅದು ಇವರಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ವೈರ್ ಕಿತ್ತಳು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಫೋನ್ ಬಂತು. ಹೂಂ, ಹೂಂ ಎಂದಳು. ಪರವಾಗಿಲ್ಲ, ಹುಷಾರು ಎಂದಳು. ಫೋನ್ ಇಟ್ಟು ಗಡಿಯಾರ ನೋಡಿದಳು. ಮಧ್ಯಾಹ್ನದ ಹೊತ್ತು ಮಗುವನ್ನು ನೋಡಿಕೊಳ್ಳುವ ಪಕ್ಕದ ಮನೆಯಾಕೆ ಮೆಟ್ಟಿಲಿಳಿಯುವಾಗ ಕಾಲು ಉಳುಕಿಸಿಕೊಂಡಿದ್ದಳಂತೆ. ಅದನ್ನು ಅವಳು ನಮಗೆ ಹೇಳಿದ್ದಲ್ಲ, ಗಡಿಯಾರಕ್ಕೆ ಹೇಳಿದ ಹಾಗಿತ್ತು.

ನಾನು ದೊಡ್ಡಮ್ಮನನ್ನು ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ, ‘ಇಲ್ಲಿ ಕೊಡು ಮಗೂನ’ ಎನ್ನದೆ ಆಕೆ ಸುಮ್ಮನೆ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು. ಕೈ ಎರಡನ್ನೂ ಹಿಂದೆ ಕಟ್ಟಿಕೊಂಡಿದ್ದಳು, ತಾವಾಗಿಯೇ ಮುಂದೆ ಹೋಗಿಬಿಟ್ಟಾವು ಎಂಬ ಹಾಗೆ. ಹೊರಡೋಣವೇ ಎಂದು ನನಗೆ ಸನ್ನೆ ಮಾಡಿ ಬಾಗಿಲ ಕಡೆ ತಿರುಗಿದಳು.

“ಆ ಧೂಳು ಮುಟ್ಟಿದ ಬಟ್ಟೆಯೇನಾ ಇದು?” ಎಂದಳು ಕಂಡಕ್ಟರಮ್ಮ, ಹಿಂದಿನಿಂದ.

“ಅಲ್ಲಮ್ಮ. ಸ್ನಾನ ಮಾಡಿ, ಬೇರೆ ಹಾಕ್ಕೊಂಡು ಬಂದಿದ್ದೀನಿ. ತಲೆಗೂ ಸ್ನಾನ.”

ಕಂಡಕ್ಟರಮ್ಮ ಅಂಗಿ ತೊಟ್ಟಳು. ಗುಂಡಿ ಹಾಕಿಕೊಂಡಳು.

“ಅವಳನ್ನ ಅಲ್ಲಿಗೆ ಕಳಿಸೋದರ ಬಗ್ಗೆ ನಾನೇನೂ ಹೇಳ್ತಿಲ್ಲ,” ಎಂದಳು. “ಐದು ವಾರ ಆಗಲಿ, ಕಾಗದ ಬರಲಿ. ಈ ಸಲ ತಂತಿ ಕೆಳಗಿನದನ್ನ ಬೇರೆ ಚೀಲದಲ್ಲಿ ಕಳಿಸ್ಬೇಕು, ಕಲಸ್ಬಾರದು.”

ಅದನ್ನೂ ನನಗೇ ಹೇಳಿದ್ದು. ಕಳಿಸುತ್ತೇವೆ, ನಾನೇ ನಿಂತು ನೋಡುತ್ತೇನೆ ಎಂದೆ.

“ಇವತ್ತು ಮಾತ್ರ, ಇಲ್ಲೇ, ಈ ಕೋಣೇಲಿ. ಏಳು ಗಂಟೆಗೆ ಬಂದ್ಬಿಡ್ತೀನಿ. ಆಗುತ್ತಾ?”

ದೊಡ್ಡಮ್ಮ ತಲೆಯಾಡಿಸಿದಳು. ಊಟ ಆಯ್ತಾ ಅವಳದು ಎಂದು ಕೇಳಿದಳು. ಆಗಿತ್ತು. ಹಾಲು ನಾಲ್ಕಕ್ಕೆ, ಲೋಟದಲ್ಲಿ, ಬಾಟಲಿ ಬಿಡಿಸಿ ಎರಡು ತಿಂಗಳಾಗಿದೆ. ಬಿಸ್ಕತ್ತು ಮೇಲಿನ ಡಬ್ಬಿಯಲ್ಲಿ, ಎರಡೇ ಎರಡು. ಪೆಟ್ಟಿಗೆ ಕಿತ್ತುಕೊಂಡರೆ ಊರು ಒಂದು ಮಾಡುತ್ತಾಳೆ, ಹಾಗೇ ಬಿಡಿ. ಕಂಡಕ್ಟರಮ್ಮ ಹೇಳುತ್ತಾ ಹೋದಳು, ದೊಡ್ಡಮ್ಮ ಹೂಂಗುಟ್ಟುತ್ತಾ ಹೋದಳು. ಟಿಕೆಟ್ ಚೀಲ ಹೆಗಲಿಗೇರಿತು. ಬಾಗಿಲ ಹತ್ತಿರ ಹೋದವಳು ನಿಂತಳು.

“ಮಲಗಿಸೋವಾಗ ಹಾಡು ಮಾತ್ರ ಹೇಳ್ಬೇಡಿ.”

“ಯಾಕಮ್ಮ?”

“ನೀವು ಹಾಡಿದ್ರೆ ಅವಳು ಎದ್ದು ಕೂತು ಕೇಳ್ತಾಳೆ. ಆಗಲೂ ಹಾಗೇ ಮಾಡ್ತಿದ್ಲು. ಮನೆಗೆ ಬಂದ ಮೇಲೆ ರಾತ್ರಿಯೆಲ್ಲಾ ನನ್ನ ಹತ್ರ ಹಾಡಿಸೋಳು, ನನಗೆಲ್ಲಿ ಬರುತ್ತೆ.”

“ಹೇಳಲ್ಲ,” ಎಂದಳು ದೊಡ್ಡಮ್ಮ.

ಕಂಡಕ್ಟರಮ್ಮ ಮೆಟ್ಟಿಲಿಳಿದು ಹೋದಳು. ದೊಡ್ಡಮ್ಮ ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ, ಬೆರಳ ಸಂದಿ ಸಂದಿಯನ್ನೂ ಉಜ್ಜಿ ಕೈ ತೊಳೆದಳು. ಒರೆಸಿಕೊಂಡು ಬಂದು ನೆಲದ ಮೇಲೆ ಕೂತಳು, ಮಗುವಿನ ಕಡೆ ನೋಡದೆ, ಗೋಡೆಗೆ ಒರಗಿ, ಕಾಲು ಚಾಚಿ. ನಾನು ಕೆಲಸಕ್ಕೆ ಹೊರಡಬೇಕಿತ್ತು. ಚಪ್ಪಲಿ ಮೆಟ್ಟಿಕೊಳ್ಳುತ್ತಾ ತಿರುಗಿ ನೋಡಿದೆ. ರಟ್ಟಿನ ಪೆಟ್ಟಿಗೆಯಿಂದ ಮೊದಲು ಒಂದು ಕಣ್ಣು ಬಂತು, ಆಮೇಲೆ ಪೂರ್ತಿ ತಲೆ. ಬುಗುರಿ ಹೊರಗೆ ಬಂದು, ಪೆಟ್ಟಿಗೆಯನ್ನೂ ಎಳೆದುಕೊಂಡೇ ಬಂದು, ದೊಡ್ಡಮ್ಮನ ಎದುರು ಕೂತಳು. ಒಂದು ಕಾಲಿನ ಕಾಲುಚೀಲ ಹಿಮ್ಮಡಿಯಿಂದ ಜಾರಿ ಬೆರಳ ತುದಿಯಲ್ಲಿ ನೇತಾಡುತ್ತಿತ್ತು. ಆ ಕಾಲನ್ನು ಎತ್ತಿ ದೊಡ್ಡಮ್ಮನ ತೊಡೆಯ ಮೇಲಿಟ್ಟಳು.